ಮುಗ್ಗಲು ಹಿಡಿದ ಮೋಟಾರು

2024ರ ದೀಪಾವಳಿಯ ರಜೆಯಲ್ಲಿ ನಾನು 11 ದಿನಗಳನ್ನು ಒಂದು ಹಳೆಯ ಮೋಟಾರಿನ ಹೊಟ್ಟೆಯೊಳಗೆ ಕಳೆದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ತಗಲಿದರೆ ಮೂರು ಸಲ ಕೊಡವಿಕೊಳ್ಳುವ ಮನುಷ್ಯ ನಾನೆಂಬುದು ಅವರಿಗೆ ಗೊತ್ತು. ಮೋಟಾರಿನ ವಿಷಯದಲ್ಲಂತೂ ನನ್ನ ಪಾಂಡಿತ್ಯ ಬಾಗಿಲು ತೆರೆದು ಒಳಗೆ ಕೂಡುವಲ್ಲಿಗೆ ಮುಗಿಯುತ್ತದೆ. ಹಾಗಿದ್ದೂ ಈ ಸಾಹಸಕ್ಕೆ ನಾನೇ ಇಳಿಯಬೇಕಾಯಿತು. ಕಾರಣದಲ್ಲಿ ನನ್ನದೇ ತಪ್ಪೊಂದು ಸೇರಿಕೊಂಡಿರುವುದರಿಂದ ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ.

ಗಾಡಿ ನಮ್ಮ ದೊಡ್ಡಪ್ಪನದು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಳಗೆ ತಿರುಗಿದರೆ ನಮ್ಮ ಹಿರಿಯರ ಮನೆ. ಅಲ್ಲಿದ್ದುಕೊಂಡು ಸುತ್ತಿನ ಹಳ್ಳಿಗಳಿಗೆಲ್ಲ ವೈದ್ಯ ಮಾಡುತ್ತಿದ್ದ ದೊಡ್ಡಪ್ಪ 1969ರಲ್ಲಿ ಒಂದು ಅಂಬಾಸಿಡರ್ ಕೊಂಡರು. ಮಾರ್ಕ್ ಎರಡು ಎಂಬ ಮಾದರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾರದಲ್ಲಿ ಈ ಗಾಡಿಗಳು ತಯಾರಾಗುತ್ತಿದ್ದುವು; 2014ರಲ್ಲಿ ಆ ಕೆಲಸ ನಿಂತಿತು. ಒಂದು ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾದರಲ್ಲದೆ ಅದು ಮನೆಯ ಬಾಗಿಲಿಗೆ ಬರುತ್ತಿರಲಿಲ್ಲವೆಂದರೆ ಇಂದಿನವರಿಗೆ ಅದೊಂದು ಪುರಾಣದಂತೆ ಕೇಳಿಸೀತು. ಮುಂದೆ ಒಂದು, ಹಿಂದೆ ಒಂದು ಉದ್ದನೆಯ ಬೆಂಚಿನಂತಹ ಆಸನ. ಗೇರಿನ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲಿ. ಆ ಹಿಂದಿನ ಆಸನದ ಮೇಲೆ ಎಷ್ಟು ಮಂದಿ ಬಸುರಿಯರು, ಎಷ್ಟು ಮಂದಿ ಹಾವು ಕಚ್ಚಿದವರು ಪಟ್ಟಣದ ಆಸ್ಪತ್ರೆಗೆ ಹೋಗಿ ಬದುಕಿ ಬಂದರೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. 50 ವರ್ಷ ದಾಟಿದ ವಾಹನವನ್ನು ‘ವಿಂಟೇಜ್’ ಎಂದು ಕರೆಯತಕ್ಕದ್ದೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಪದವೇನೋ ದ್ರಾಕ್ಷಾಮದ್ಯದ ನೆಲಮಾಳಿಗೆಯಿಂದ ಎದ್ದು ಬಂದದ್ದು. ಮದ್ಯವಾದರೆ ಹಳತಾದಷ್ಟೂ ಪರಿಮಳವಂತೆ. ನಮ್ಮ ಗಾಡಿಯದು ಬೇರೆ ಹಾದಿ ಹಿಡಿದಿತ್ತು.

ದೊಡ್ಡಪ್ಪ 2019ರಲ್ಲಿ ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಗಾಡಿಯನ್ನೇನು ಮಾಡುವುದೆಂಬ ಪ್ರಶ್ನೆ ಬಂತು. ಮನೆಯಲ್ಲಿ ಓದಿದವನೆಂಬ ಕಾರಣಕ್ಕೆ ಎಲ್ಲರೂ ನನ್ನ ಮುಖ ನೋಡಿದರು. ಜಂಬಿಟ್ಟಿಗೆಯ ಗೋಡೆಯ, ಮಣ್ಣು ನೆಲದ ಹಳೆಯ ಗಾಡಿಕೊಟ್ಟಿಗೆಯಲ್ಲಿ ಅದನ್ನು ನಿಲ್ಲಿಸಿ, ಗಾಜುಗಳನ್ನೆಲ್ಲ ಬಿಗಿಯಾಗಿ ಏರಿಸಿ, ಪೇಟೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಟಾರ್ಪಾಲು ತರಿಸಿ, ನೆತ್ತಿಯಿಂದ ನೆಲದವರೆಗೆ ಹೊದೆಸಿ ಹಗ್ಗದಿಂದ ಕಟ್ಟಿಸಿದವನು ನಾನೆ. ಮಳೆಯ ಒಂದು ಹನಿಯೂ ತಾಗದು ಎಂದು ಹೆಮ್ಮೆಯಿಂದ ಹೇಳಿದ್ದೂ ನೆನಪಿದೆ. ದೊಡ್ಡಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಆಮೇಲೆ ಐದು ಮಳೆಗಾಲ ಕಳೆದುವು. ವರ್ಷದ ಸರಾಸರಿ ಮಳೆ 7,000 ಮಿಲಿಮೀಟರು ಮೀರುವ ಆಗುಂಬೆಯ ನೆರೆಯ ಊರಿನಲ್ಲಿ ಐದು ಮಳೆಗಾಲವೆಂದರೆ ಅದರ ಅರ್ಥವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಆಷಾಢದಲ್ಲಿ ಪುಸ್ತಕದ ಬೆನ್ನಿಗೆ, ಚಪ್ಪಲಿಯ ಬಾರಿಗೆ, ದೇವರ ಪಟದ ಕಟ್ಟಿಗೆ ಕೂಡ ಬೂಷ್ಟು ಬರುತ್ತದೆ.

2024ರ ಅಕ್ಟೋಬರಿನಲ್ಲಿ ಕೊಪ್ಪದ ಬಳಿಯ ತವರುಮನೆಯಿಂದ ಸುದ್ದಿ ಬಂತು: ದೊಡ್ಡಮ್ಮನ ತಮ್ಮ ಹಾಸಿಗೆ ಹಿಡಿದಿದ್ದಾರೆ, ಅಕ್ಕನನ್ನು ನೋಡಬೇಕೆನ್ನುತ್ತಿದ್ದಾರೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ; ಉಬ್ಬಸವಿದೆ. ಬಸ್ಸಿನ ಮೆಟ್ಟಿಲು ಹತ್ತಲಾರರು. ಈಗಿನ ಕಾರುಗಳ ಗಾಜು ಮುಚ್ಚಿ ತಣ್ಣನೆಯ ಗಾಳಿ ಬಿಟ್ಟರೆ ಎರಡು ತಿರುವಿನೊಳಗೆ ಅವರಿಗೆ ವಾಂತಿ. “ನಮ್ಮ ಗಾಡಿ ಹೊರಡಿಸ್ತೀಯಾದ್ರೆ ಬರ್ತೇನೆ ಮಾರಾಯ, ಇಲ್ದಿದ್ರೆ ಇಲ್ಲೇ ಕೂತು ಅವನಿಗೊಂದು ನಮಸ್ಕಾರ ಹೇಳಿ ಕಳಿಸ್ತೇನೆ” ಎಂದರು. ಅವರಿಗಿಂತ ಚಿಕ್ಕವನಿಗೆ ಅವರು ನಮಸ್ಕಾರ ಹೇಳಿ ಕಳಿಸುವುದೆಂದರೆ ಏನೆಂಬುದು ನನಗೆ ಅರ್ಥವಾಯಿತು.

ಪೇಟೆಯ ಮೇಸ್ತ್ರಿಯೊಬ್ಬರು ಬಂದರು. ದೊಡ್ಡಪ್ಪನ ಕಾಲದಿಂದ ಆ ಗಾಡಿಯ ನಾಡಿ ಹಿಡಿದವರು. ಬ್ಯಾಟರಿ, ಟೈರು, ಬ್ರೇಕಿನ ರಬ್ಬರುಗಳು ಹೊಸದಾಗಿ ಬಂದುವು. ಮೂರನೆಯ ದಿನ ಎಂಜಿನ್ ಕೆಮ್ಮಿ, ಸೀನಿ, ಕಡೆಗೆ ತನ್ನ ಹಳೆಯ ರಾಗಕ್ಕೆ ಬಂತು. ಕಾಗದಪತ್ರಗಳ ನವೀಕರಣದ ಕಥೆ ಇಲ್ಲಿ ಬೇಡ. ಎಂಜಿನ್ನಿನ ಸದ್ದು ಕೇಳಿ ದೊಡ್ಡಮ್ಮ ಒಳಗಿನಿಂದ ಬಂದು, ಮುಂದಿನ ಬಾಗಿಲು ತೆರೆಸಿ, ಸೆರಗು ಸರಿಮಾಡಿಕೊಂಡು ಕುಳಿತರು. ಎರಡು ನಿಮಿಷ ಕಳೆದಿರಲಿಲ್ಲ, ಕೆಮ್ಮು ಹತ್ತಿಕೊಂಡಿತು. ಇನ್‌ಹೇಲರ್ ತರುವವರೆಗೆ ಅವರ ಎದೆ ಏಳುತ್ತ ಬೀಳುತ್ತ ಇದ್ದುದನ್ನು ನೋಡಿ ನನ್ನ ಕೈಕಾಲು ತಣ್ಣಗಾದುವು. ಗಾಡಿಯೊಳಗಿನಿಂದ ಹೊರಬರುತ್ತಿದ್ದ ಆ ವಾಸನೆ ಕೊಟ್ಟಿಗೆಯನ್ನೆಲ್ಲ ತುಂಬಿತ್ತು.

ಅದನ್ನು ಏನೆಂದು ಕರೆಯಬೇಕು? ಭಾಷೆಯ ಮೇಷ್ಟ್ರಾದವನಿಗೆ ಇಂತಹ ಹೊತ್ತಿನಲ್ಲೂ ಪದದ ಚಿಂತೆ ಬಿಡದು. ಅನ್ನ ಕೆಟ್ಟರೆ ಹಳಸಲು, ಎಣ್ಣೆ ಕೆಟ್ಟರೆ ಕಮಟು, ಹಾಲು ತಳ ಹಿಡಿದರೆ ಸೀದ ವಾಸನೆ. ತೇವ ಕೂತು ಕೆಟ್ಟದ್ದಕ್ಕೆ ಮಾತ್ರ ಮುಗ್ಗಲು. ನಾತವೆಂಬ ನಮ್ಮ ಪದದ ನೆಂಟನಾದ ತಮಿಳಿನ ‘ನಾಟ್ರಂ’ ಒಂದು ಕಾಲದಲ್ಲಿ ಸುಗಂಧಕ್ಕೆ ಸಲ್ಲುತ್ತಿದ್ದ ಮಾತು. ಈಗ ಅಲ್ಲಿಯೂ ಅದು ದುರ್ಗಂಧವೇ. ಒಳ್ಳೆಯ ಪದವೂ ಬಹುಕಾಲ ಮುಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆಯೋ ಏನೋ. ಇನ್ನು ‘ವಾಸನೆ’ಯ ಸಂಗತಿ. ಮೂಗಿಗೆ ತಾಕುವುದೂ ವಾಸನೆಯೆ. ಹಿಂದಿನ ಅನುಭವ ಚಿತ್ತದಲ್ಲಿ ಬಿಟ್ಟುಹೋದ ಸಂಸ್ಕಾರವನ್ನು ಶಾಸ್ತ್ರಕಾರರು ಕರೆಯುವುದೂ ವಾಸನೆಯೆಂದೇ. ಇಂಗು ಮುಗಿದರೂ ಡಬ್ಬಿ ಬಿಡದು ಎಂಬ ಮನೆಮಾತಿನಲ್ಲಿ ಎರಡರ್ಥಗಳೂ ಒಂದಾಗಿ ಕೂತಿವೆ.

ಮೊದಲ ಎರಡು ದಿನ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಪೇಟೆಯಿಂದ ಪರಿಮಳದ ಬಾಟಲಿಯೊಂದನ್ನು ತಂದು ಕನ್ನಡಿಗೆ ತೂಗುಹಾಕಿದೆ. ಹೆಣಕ್ಕೆ ಮಲ್ಲಿಗೆ ಮುಡಿಸಿದಂತಾಯಿತು. ಬಳಿಕ ನಮ್ಮ ಮನೆಯದೇ ವಿದ್ಯೆ: ಬಾಣಂತಿಯ ಕೋಣೆಗೆ ಹಾಕುವಂತೆ ಕೆಂಡದ ಮೇಲೆ ಸಾಮ್ರಾಣಿ ಉದುರಿಸಿ ಹೊಗೆ ಹಾಕಿದೆ. ಓಲೆಗರಿಯ ಗ್ರಂಥಗಳನ್ನು ನಮ್ಮ ಹಿರಿಯರು ಅಡಿಗೆಮನೆಯ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದುದು, ನಿಂಬೆಹುಲ್ಲಿನ ಎಣ್ಣೆ ಸವರುತ್ತಿದ್ದುದು, ಕಟ್ಟಿನೊಳಗೆ ಬಜೆಯ ತುಂಡು ಇಡುತ್ತಿದ್ದುದು ನನ್ನ ತಲೆಯಲ್ಲಿತ್ತು. ಅಟ್ಟದ ಮೇಲೆ ಗರಿಗಳನ್ನು ಕಾಯುತ್ತಿದ್ದುದು ಹೊಗೆಯೊಂದೇ ಅಲ್ಲ, ಕೆಳಗಿನ ಒಲೆಯ ಬಿಸಿಯಿಂದ ಹುಟ್ಟಿದ ಒಣಗುವಿಕೆ ಎಂಬುದು ಮಾತ್ರ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಸಾಮ್ರಾಣಿಯೂ ಮುಗ್ಗಲೂ ಸತಿಪತಿಗಳಂತೆ ಕೂತಿದ್ದುವು.

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ದೂರವಾಣಿ ಮಾಡಿದೆ. ಅವರು ನಕ್ಕು, “ನೀವು ಉಸಿರಾಡುತ್ತಿರುವುದು ಬೂಷ್ಟಿನ ಉಸಿರು ಸ್ವಾಮಿ” ಎಂದರು. ಬೂಷ್ಟಿಗೆ ಬೇಕಾದದ್ದು ತೇವವೊಂದೆ. ಆಹಾರಕ್ಕೆ ಧೂಳು, ಸೆಣಬು, ಬಟ್ಟೆ, ನಾರು, ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ಏನಾದರೂ ಆದೀತು. ಒಂದೆರಡು ದಿನ ಒದ್ದೆಯಾಗಿಯೇ ಉಳಿದ ಬಟ್ಟೆಯಲ್ಲಿ ಅದು ಬೇರೂರುತ್ತದೆ. ಗಾಳಿಯ ತೇವಾಂಶ ನೂರಕ್ಕೆ 60ರೊಳಗೆ ಇದ್ದರೆ ಸೊರಗುತ್ತದೆ. ಅದು ಬೆಳೆಯುತ್ತ ಹೊರಬಿಡುವ ಆವಿಗಳೇ ಈ ವಾಸನೆ. ಅಣಬೆಯ ವಾಸನೆ ಕೊಡುವ ವಸ್ತುವೂ ಅವುಗಳಲ್ಲೊಂದು. ಬಿಸಿಯಾದಷ್ಟೂ ಆವಿ ಹೆಚ್ಚು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗಣ ಶಾಖ ಒಂದು ತಾಸಿನಲ್ಲಿ ಹೊರಗಿಗಿಂತ 20 ಡಿಗ್ರಿ ಏರುವುದರಿಂದ ಮಧ್ಯಾಹ್ನ ಬಾಗಿಲು ತೆರೆದವನ ಗತಿ ಏನೆಂದು ಊಹಿಸಬಹುದು. ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ನಾವು ಕವಿಗಳಾಗಿ ಕೊಂಡಾಡುವ ಕಂಪೂ ಒಂದು ಸೂಕ್ಷ್ಮಜೀವಿಯ ಕೃತಿಯೇ ಎಂದು ಅವರು ಸೇರಿಸಿದರು. ಅದರಲ್ಲಿನ ಮುಖ್ಯ ವಸ್ತುವಿಗೆ ಜಿಯೋಸ್ಮಿನ್ ಎಂದು ಹೆಸರು, ಗ್ರೀಕಿನಲ್ಲಿ ಮಣ್ಣಿನ ವಾಸನೆ ಎಂದರ್ಥ. ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನಿಂದ ಆ ಕಂಪನ್ನು ಇಳಿಸಿ ಬಾಟಲಿಗೆ ತುಂಬಿ ಮಾರುತ್ತಾರೆ. ಅಂಗಳದಲ್ಲಿದ್ದರೆ ಕಾವ್ಯ, ಆಸನದಡಿಯಲ್ಲಿದ್ದರೆ ರೋಗ. ಅವರ ಕಡೆಯ ಮಾತು ನನ್ನನ್ನು ಹೆದರಿಸಿತು: ಬೂಷ್ಟನ್ನು ಕೊಂದರೆ ಸಾಲದು, ಸತ್ತ ಬೂಷ್ಟಿನ ಪುಡಿಯೂ ಉಬ್ಬಸದವರ ಎದೆಗೆ ತೊಂದರೆ ಕೊಡುತ್ತದೆ. ಅದನ್ನು ಹೊರಗೆ ಹಾಕಬೇಕು.

ಮೇಸ್ತ್ರಿಗಳು ಇದನ್ನೇ ಒಂದು ವಾಕ್ಯದಲ್ಲಿ ಹೇಳಿದರು: “ಮೇಷ್ಟ್ರೇ, ವಾಸನೆ ಹುಡುಕಬೇಡಿ, ನೀರು ಹುಡುಕಿ.”

ನೀರು ಹುಡುಕಿದ ವಿಧಾನ ಹೀಗೆ. ಗಾಡಿಯ ನೆಲದ ಮೇಲೆಲ್ಲ ಒಣಗಿದ ವೃತ್ತಪತ್ರಿಕೆಗಳನ್ನು ಹಾಸಿದೆವು. ಬಾಗಿಲುಗಳನ್ನು ಮುಚ್ಚಿ, ನಾನು ಒಳಗೆ ಟಾರ್ಚು ಹಿಡಿದು ಕುಳಿತೆ. ಮೇಸ್ತ್ರಿಗಳು ಹೊರಗೆ ಒಂದೊಂದೇ ಭಾಗದ ಮೇಲೆ ತಂಬಿಗೆಯಿಂದ ನಿಧಾನವಾಗಿ ನೀರು ಹೊಯ್ಯುತ್ತ ಬಂದರು. ನೆತ್ತಿಯಲ್ಲಿ ಏನೂ ಇಲ್ಲ. ಮುಂದಿನ ಗಾಜಿನ ಎಡ ಕೆಳಮೂಲೆಗೆ ಬಂದಾಗ ಒಂದು ಹನಿ ಕಾಣಿಸಿತು. ನೋಡುತ್ತಿದ್ದಂತೆ ಅದು ರಬ್ಬರಿನ ಸಂದಿನಿಂದ ಇಳಿದು ಕೆಳಗೆ ಹಾಸಿದ್ದ ಭಾನುವಾರದ ಪುರವಣಿಯ ಮೇಲೆ ಬಿತ್ತು. ಒದ್ದೆಯಾದದ್ದು ಒಂದು ಪುಸ್ತಕ ವಿಮರ್ಶೆ. ಹಿಂದೊಮ್ಮೆ ನಾನೇ ಬರೆದದ್ದು! ಅದು ಒಣಗಿಯೇ ಇತ್ತೆಂದು ಆಗ ಯಾರೋ ಹೇಳಿದ್ದರು. ಎರಡನೆಯ ಹಾದಿ ಹಿಂದಿನ ಡಿಕ್ಕಿಯ ಬಾಗಿಲಿನ ರಬ್ಬರು. ಅದು ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮೂರನೆಯದನ್ನು ನಾನಂತೂ ಊಹಿಸಿರಲಿಲ್ಲ. ಮೋಟಾರಿನ ಬಾಗಿಲಿನ ಗಾಜಿನ ಸಂದಿನಿಂದ ಮಳೆಯ ನೀರು ಬಾಗಿಲೊಳಕ್ಕೆ ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ನಮ್ಮ ನಾಲ್ಕು ಬಾಗಿಲುಗಳ ರಂಧ್ರಗಳೂ ಮಣ್ಣು ಎಲೆ ಸೇರಿ ಮುಚ್ಚಿಹೋಗಿದ್ದುವು. ತಂತಿ ತೂರಿಸಿದಾಗ ಕಪ್ಪು ನೀರು ಧಾರೆಯಾಗಿ ಸುರಿಯಿತು.

ನಾನು ಸ್ವಲ್ಪ ಸಮಾಧಾನದ ಉಸಿರು ಬಿಟ್ಟು, ಹಾಗಾದರೆ ತಪ್ಪು ರಬ್ಬರಿನದು ಎಂದೆ. ಮೇಸ್ತ್ರಿಗಳು ತಲೆಯಾಡಿಸಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಮಡಿಸಿಟ್ಟಿದ್ದ ನೀಲಿ ಟಾರ್ಪಾಲಿನ ಒಳಮೈಯನ್ನು ತೆರೆದು ತೋರಿಸಿದರು. ಅದರ ಮೇಲೆಲ್ಲ ಕರಿಯ ಚುಕ್ಕೆಗಳು. ಕೊಟ್ಟಿಗೆಗೆ ಸೂರಿದೆ, ಮಳೆ ನೇರವಾಗಿ ಬೀಳುವುದೇ ಅಪರೂಪ. ಎರಚಲು ಬಂದರೂ ಗಾಳಿಯಾಡಿದ್ದರೆ ಒಣಗುತ್ತಿತ್ತು. ನೆಲದವರೆಗೆ ಬಿಗಿದ ಪ್ಲಾಸ್ಟಿಕ್ಕು ಮಣ್ಣು ನೆಲದಿಂದ ಏಳುವ ತೇವವನ್ನು ಮೇಲಕ್ಕೆ ಹೋಗಗೊಡದೆ ಐದು ವರ್ಷ ಗಾಡಿಯ ಸುತ್ತ ಹಿಡಿದಿಟ್ಟಿತ್ತು. ಹಗಲು ಆವಿ, ರಾತ್ರಿ ಹನಿ. ದೊಡ್ಡಪ್ಪ ಮಳೆ ಬಿಟ್ಟ ದಿನಗಳಲ್ಲಿ ಗಾಡಿಯನ್ನು ಅಂಗಳಕ್ಕೆ ತಂದು ನಾಲ್ಕೂ ಬಾಗಿಲು ತೆರೆದಿಡುತ್ತಿದ್ದರು. ಕೋಳಿಗಳು ಒಳಗೆ ಹತ್ತದಂತೆ ಕಾಯುವ ಕೆಲಸ ಹುಡುಗರಾದ ನಮ್ಮದಾಗಿತ್ತು. ಅದರ ಕಾರಣವನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಆಸನಗಳನ್ನು ಬಿಚ್ಚಿದೆವು. ರೆಕ್ಸಿನ್ನಿನ ಹೊದಿಕೆಯ ಕೆಳಗೆ ತೆಂಗಿನ ನಾರು, ಅದರ ಕೆಳಗೆ ಸ್ಪ್ರಿಂಗುಗಳು. ನಾರು ನಾರುತ್ತಿತ್ತು! ನಾಮಪದವೂ ಕ್ರಿಯಾಪದವೂ ಹೀಗೆ ಒಂದೇ ಕಡೆ ಸಿಕ್ಕಿದ ಉದಾಹರಣೆ ವ್ಯಾಕರಣದ ತರಗತಿಗೆ ಒದಗಿದ್ದರೆ ಸಂತೋಷಪಡುತ್ತಿದ್ದೆ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಹಿಡಿಹಿಡಿಯಾಗಿ ಕಿತ್ತು, ತೋಟದಾಚೆ ಒಯ್ದು ಹೂಳಿದೆವು. ನಾರಿನ ನಡುವೆ ನಾಲ್ಕಾಣೆಯ ಮೂರು ನಾಣ್ಯ, ಒಂದು ಹೇರ್‌ಪಿನ್, ಪೆಪ್ಪರಮೆಂಟಿನ ಕಾಗದ, ಥರ್ಮಾಮೀಟರಿನ ಖಾಲಿ ಕೊಳವೆ. ಪೆಪ್ಪರಮೆಂಟು ನನ್ನದೇ ಇರಬೇಕು.

ಪೇಟೆಯ ಅಂಗಡಿಯವರೊಬ್ಬರು ಓಝೋನ್ ಯಂತ್ರವನ್ನು ಒಂದು ರಾತ್ರಿ ಇಟ್ಟರೆ ಸಾಕು, ಇಷ್ಟೆಲ್ಲ ಕಷ್ಟ ಏಕೆಂದರು. ಓಝೋನು ವಾಸನೆಯನ್ನು ಮುರಿಯುವುದು ನಿಜ. ಆದರೆ ಅದು ಶ್ವಾಸಕೋಶಕ್ಕೆ ವಿಷ, ರಬ್ಬರನ್ನೂ ಬಿರಿಸುತ್ತದೆ. ತೇವ ಉಳಿದರೆ ವಾಸನೆ ಮತ್ತೆ ಹುಟ್ಟಿಯೇ ಹುಟ್ಟುತ್ತದೆ. ಬೇಡವೆಂದೆ. ಬ್ಲೀಚಿಂಗಿನ ನೀರನ್ನೂ ಬಿಟ್ಟೆವು. ಬಟ್ಟೆ ಸೆಣಬುಗಳ ಒಳಗಿಳಿದ ಬೂಷ್ಟಿಗೆ ಅದು ತಾಕದು, ಬಣ್ಣ ಮಾತ್ರ ತೆಗೆಯುತ್ತದೆ. ಅಡಿಗೆಗೆ ಬಳಸುವ ಬಿಳಿಯ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಹಿಂಡಿದ ಬಟ್ಟೆಯಿಂದ ರೆಕ್ಸಿನ್ನು, ಬಾಗಿಲಿನ ಒಳಮೈ, ತಗಡಿನ ನೆಲ, ಸಂದುಗೊಂದುಗಳನ್ನೆಲ್ಲ ಒರೆಸಿದೆ. ಒಮ್ಮೆಗೆ ಹೋಗಲಿಲ್ಲ, ಮೂರು ದಿನ ಒರೆಸಬೇಕಾಯಿತು. ನೆತ್ತಿಯ ಒಳಬಟ್ಟೆಯನ್ನು ನೀರು ಮುಟ್ಟಿಸಿದರೆ ಅಂಟು ಬಿಟ್ಟು ಜೋತುಬಿದ್ದೀತೆಂದು ಮೇಸ್ತ್ರಿಗಳು ಎಚ್ಚರಿಸಿದ್ದರು. ಅದನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಧೂಳು ಹೀರುವ ಯಂತ್ರದಿಂದ ಎಳೆದೆವು. ರಾತ್ರಿ ಅಡಿಗೆ ಸೋಡದ ಪುಡಿಯನ್ನು ಉದುರಿಸುವುದು, ಬೆಳಿಗ್ಗೆ ಅದನ್ನು ಹೀರಿ ತೆಗೆಯುವುದು. ಹುಳಿವಾಸನೆಗಳನ್ನು ಸೋಡ ಕೊಲ್ಲುತ್ತದೆ. ಉಳಿದ ಆವಿಯನ್ನು ತನ್ನ ಮೈಮೇಲಿನ ಲೆಕ್ಕವಿಲ್ಲದ ಸೂಕ್ಷ್ಮ ರಂಧ್ರಗಳಲ್ಲಿ ಇದ್ದಿಲು ಹಿಡಿದಿಡುತ್ತದೆ. ಅದಕ್ಕೆಂದು ಬುಟ್ಟಿಯಲ್ಲಿ ಇದ್ದಿಲನ್ನೂ ಇಟ್ಟೆವು. ಆದರೆ ಇವೆಲ್ಲ ಪರಿವಾರದವರು, ರಾಜನೆಂದರೆ ಬಿಸಿಲು. ಕಾರ್ತಿಕದ ಆ ಬಿಸಿಲಿಗೆ ಮನೆಯಲ್ಲಿ ಬೇರೊಬ್ಬ ಹಕ್ಕುದಾರನಿದ್ದ: ಆಗಷ್ಟೇ ಬೇಯಿಸಿ ಹರಡಿದ ಅಡಿಕೆ. ದೊಡ್ಡಮ್ಮನೇ ಎರಡು ತಟ್ಟಿಗಳ ಅಡಿಕೆಯನ್ನು ಸರಿಸಿ ಸೀಟಿನ ಹೊದಿಕೆಗಳಿಗೆ ಜಾಗ ಮಾಡಿಕೊಟ್ಟರು.

ಏಳನೆಯ ದಿನ ಮುಂದಿನ ಆಸನದ ಕೆಳಗಿನ ಸೆಣಬಿನ ಹಾಸನ್ನು ಎತ್ತುವಾಗ ಇನ್ನೊಂದು ವಾಸನೆ ಬಂತು. ಮುಗ್ಗಲಿನ ಒಳಗಿನಿಂದ, ದೂರದಿಂದ ಯಾರೋ ಕರೆದಂತೆ. ಹಾಸಿನ ಮೂಲೆಯಲ್ಲಿ ಅಂಗೈ ಅಗಲದ ಕಂದು ಕಲೆಯಿತ್ತು. ದೊಡ್ಡಪ್ಪ ತಮ್ಮ ಔಷಧದ ಚೀಲವನ್ನು ಇಡುತ್ತಿದ್ದ ಜಾಗ ಅದು. ಯಾವತ್ತೋ ಟಿಂಚರ್ ಬೆಂಜೋಯಿನ್ ಚೆಲ್ಲಿರಬೇಕು. ಸಣ್ಣ ಗಾಯಗಳಿಗೆ ಅವರು ಹಚ್ಚುತ್ತಿದ್ದ ಔಷಧ. ನಮ್ಮ ಮೊಣಕಾಲುಗಳಿಗೆಲ್ಲ ಅದರ ಪರಿಚಯವಿತ್ತು. ಹಾಸಿನ ತುಂಬ ಬೂಷ್ಟು ಹಬ್ಬಿತ್ತು. ಕಲೆಯಿರುವ ತುಂಡನ್ನಾದರೂ ಕತ್ತರಿಸಿ ಉಳಿಸಿಕೊಳ್ಳೋಣವೆನಿಸಿತು. ಐದು ವರ್ಷ ನಾನು ಮುಚ್ಚಿಟ್ಟು ಕೆಡಿಸಿದ್ದರಲ್ಲಿ ಕೆಡದೆ ಉಳಿದದ್ದು ಅದೊಂದೇ ಎಂದು ತೋರಿತು. ಕೈಯಲ್ಲಿ ಹಿಡಿದು ದೊಡ್ಡಮ್ಮನಲ್ಲಿಗೆ ಹೋದೆ.

ಅವರು ದೂರದಿಂದಲೇ ಮೂಗರಳಿಸಿದರು. ಗುರುತು ಹಿಡಿದರೆಂದು ಕಣ್ಣಿನಿಂದ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನೂ ಹೂಳು” ಎಂದರು. ನಾನು ಹಿಂದೆಮುಂದೆ ನೋಡಿದೆ. “ಅದು ಸಾಮ್ರಾಣೀದೇ ಔಷಧ ಅಂತ ಅವರೇ ಹೇಳ್ತಿದ್ರು. ಸಾಮ್ರಾಣಿ ಮನೆಯಲ್ಲೇ ಉಂಟಲ್ಲ. ಬೂಷ್ಟು ಹಿಡಿದದ್ದನ್ನ ಇಟ್ಕೊಂಡು ನಾನು ಕೆಮ್ತಾ ಕೂರೋದನ್ನ ಕಂಡಿದ್ರೆ ಬೈತಿದ್ರು.”

ಮಾತು ಸರಿ; ಸಾಮ್ರಾಣಿಯ ಮರದ ಅಂಟನ್ನು ಮದ್ಯಸಾರದಲ್ಲಿ ಕರಗಿಸಿದರೆ ಟಿಂಚರ್ ಬೆಂಜೋಯಿನ್. ಮೊದಲ ದಿನ ನಾನು ಹಾಕಿದ ಹೊಗೆಗೂ ಈ ಕಲೆಗೂ ಒಂದೇ ಮೂಲವೆಂಬುದು ನನಗೆ ಹೊಳೆದಿರಲಿಲ್ಲ. ಹೂಳಿ ಬಂದೆ.

ಕುಷನ್ ಕೆಲಸದವರು ಸ್ಪ್ರಿಂಗುಗಳ ತುಕ್ಕು ಉಜ್ಜಿ ಬಣ್ಣ ಬಳಿದು, ಹೊಸ ನಾರು ತುಂಬಿ, ಹಳೆಯ ರೆಕ್ಸಿನ್ನನ್ನೇ ಹೊಲಿದುಕೊಟ್ಟರು. ಗಾಜಿನ ರಬ್ಬರೂ ಡಿಕ್ಕಿಯ ರಬ್ಬರೂ ಹೊಸದಾದುವು. ಮತ್ತೆ ತಂಬಿಗೆಯ ಪರೀಕ್ಷೆ. ಪತ್ರಿಕೆಗಳು ಒಣಗಿಯೇ ಉಳಿದುವು. ಹತ್ತನೆಯ ರಾತ್ರಿ ಗಾಜುಗಳನ್ನು ಮುಚ್ಚಿಟ್ಟು ಬೆಳಿಗ್ಗೆ ನಾನು ಒಳಗೆ ಮೂಗಿಟ್ಟೆ. ರಬ್ಬರು, ಕೊಂಚ ಪೆಟ್ರೋಲು, ಹೊಸ ನಾರು. ಇಷ್ಟು ದಿನ ಅದರಲ್ಲೇ ಇದ್ದವನ ಮೂಗನ್ನು ನಂಬಲಾಗದೆಂದು ಪಕ್ಕದ ಮನೆಯ ಹುಡುಗನನ್ನು ಕರೆಸಿ ಕೇಳಿದೆ. “ಎಂತದೂ ಇಲ್ಲ ಮಾವ” ಎಂದ.

ಹನ್ನೊಂದನೆಯ ದಿನ ಹೊರಟೆವು. ಗಾಡಿ ಬಿಡುವ ಹೊಣೆ ಮೇಸ್ತ್ರಿಗಳದೇ. ದೊಡ್ಡಮ್ಮ ಮುಂದೆ, ನಾನು ಹಿಂದೆ ಇನ್‌ಹೇಲರನ್ನು ಜೇಬಿನಲ್ಲಿಟ್ಟುಕೊಂಡು. ಅವರು ಗಾಜನ್ನು ಪೂರ್ತಿ ಇಳಿಸಿಕೊಂಡು, ಮೊಣಕೈಯನ್ನು ಬಾಗಿಲ ಮೇಲಿಟ್ಟು, ದಾರಿಯ ಮನೆಗಳನ್ನು ನೋಡುತ್ತ ಇದು ಯಾರದು, ಅದು ಯಾರದು, ಇಲ್ಲಿ ಯಾರಿಗೆ ಮಗು ಹುಟ್ಟಿದಾಗ ಗಾಡಿ ಬಂದಿತ್ತು ಎಂದು ಹೇಳುತ್ತ ಹೋದರು. ಕೊಪ್ಪದವರೆಗೆ ಒಂದು ಸಲವೂ ಕೆಮ್ಮಲಿಲ್ಲ. ತಮ್ಮನ ಹಾಸಿಗೆಯ ಪಕ್ಕದಲ್ಲಿ ಅವರು ಕುಳಿತಿದ್ದ ಎರಡು ತಾಸು ನಾನು ಹೊರಗೆ ಗಾಡಿಯ ಬಳಿಯೇ ಇದ್ದೆ. ಒಳಗಿನಿಂದ ಅಕ್ಕತಮ್ಮಂದಿರ ನಗು ಕೇಳಿಸುತ್ತಿತ್ತು.

ಹಿಂದಿರುಗುವಾಗ ಸಂಜೆ. ಒಂದು ಸಣ್ಣ ಮಳೆ ಬಂತು. ನಾನು ಮುಂದೆ ಬಗ್ಗಿ ಗಾಜಿನ ಎಡ ಕೆಳಮೂಲೆಗೆ ಬೆರಳಿಟ್ಟು ನೋಡಿದೆ. ಒಣಗಿತ್ತು.

ದೊಡ್ಡಮ್ಮ ತಿರುಗದೆಯೇ ಕೇಳಿದರು: “ಆ ನೀಲಿ ಟಾರ್ಪಾಲು ಎಂತ ಮಾಡಿದೆ?”

“ಸೌದೆಯ ಒಟ್ಟಿಲಿಗೆ ಹೊದೆಸಿದ್ದೇನೆ ದೊಡ್ಡಮ್ಮ.”

“ಮೇಲೆ ಮಾತ್ರ ಹಾಕು. ಪಕ್ಕ ಬಿಡು.”